ಡಾಕ್ಟರ್ ವಿಟ್ಟಿಶ್ ಅವರ ಮುಗಿಯದ ವಾಕ್ಯ

ನಮ್ಮ ವೀಡೆನ್‌ಹೋಲ್ಟಿನ ಈಜುಕೊಳ ಈ ವರ್ಷ ಉಳಿದದ್ದು ನನ್ನ ಭಾವನವರ ಬುದ್ಧಿವಂತಿಕೆಯಿಂದ ಎಂದು ಜಿಲ್ಲೆಯ ಪತ್ರಿಕೆ ಬರೆದಿದೆ. ಆ ಪತ್ರಿಕೆಯವರು ಒಮ್ಮೆಯಾದರೂ ಬೇಕರಿಯ ಸಾಲಿನಲ್ಲಿ ಭಾವನ ಹಿಂದೆ ನಿಂತಿದ್ದರೆ ಆ ಪದವನ್ನು ಬಳಸುವ ಮೊದಲು ಸ್ವಲ್ಪ ಯೋಚಿಸುತ್ತಿದ್ದರು. "ಬಿಳಿ ಬ್ರೆಡ್ ಬೇಕೋ, ಕಪ್ಪು ಬ್ರೆಡ್ ಬೇಕೋ?" ಎಂದು ಕೇಳಿದರೆ ನಮ್ಮ ಭಾವ "ಹೌದು" ಎನ್ನುತ್ತಾರೆ. ಎರಡರಲ್ಲಿ ಒಂದು ಬೇಕೆಂಬುದು ನಿಜವಾದ್ದರಿಂದ ಅದು ಸರಿಯಾದ ಉತ್ತರವಂತೆ. ಅಷ್ಟು ಹೇಳಿ, ಕೆಲಸ ಮುಗಿಯಿತೆಂದು ಬರಿಗೈಯಲ್ಲಿ ಮನೆಗೆ ಬರುತ್ತಾರೆ.

ನಾನು ಚಿಮಣಿ ಶುಚಿ ಮಾಡುವವನು. ವರ್ಷಕ್ಕೊಮ್ಮೆ ಈ ಊರಿನ ಪ್ರತಿ ಮನೆಯೊಳಗೂ ನುಗ್ಗುವ ಹಕ್ಕನ್ನು ಕಾನೂನೇ ನನಗೆ ಕೊಟ್ಟಿದೆ. ಮಸಿ ಮೆತ್ತಿದ ಮನುಷ್ಯನ ಎದುರು ಯಾರೂ ಮಾತು ತಗ್ಗಿಸುವುದಿಲ್ಲ. ಆದ್ದರಿಂದ ಯಾರು ಏನಂದರು ಎಂಬ ವಿಷಯದಲ್ಲಿ ನನ್ನನ್ನು ನಂಬಬಹುದು.

ಭಾವನ ಹೆಸರು ಎಗೊನ್ ವಿಟ್ಟಿಶ್. ರೈಲಿನಲ್ಲಿ ನಲವತ್ತು ನಿಮಿಷದ ದಾರಿಯ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಅವರು ಕಲಿಸುವ ವಿಷಯಕ್ಕೆ 'ಔಪಚಾರಿಕ ಭಾಷೆಗಳು' ಎಂದು ಹೆಸರು. ಈ ಭಾಷೆಗಳನ್ನು ಭೂಮಿಯ ಮೇಲೆ ಯಾರೂ ಮಾತಾಡುವುದಿಲ್ಲ. ಇವು ಕಂಪ್ಯೂಟರಿನ ಲೆಕ್ಕಾಚಾರಕ್ಕೆ ಬೇಕಾದವು. ಒಂದೊಂದು ಭಾಷೆಯಲ್ಲಿ ಎರಡೇ ಅಕ್ಷರ. ಯಾವ ಸಾಲು ಆ ಭಾಷೆಗೆ ಸೇರಿದ್ದು, ಯಾವುದು ಸೇರಿಲ್ಲ ಎಂದು ತೀರ್ಮಾನಿಸುವುದಕ್ಕೆ ವ್ಯಾಕರಣ ಉಂಟು, ಯಂತ್ರವೂ ಉಂಟು. ಯಂತ್ರವೆಂದರೆ ಕಾಗದದ ಮೇಲೆ ನಾಲ್ಕು ವೃತ್ತ, ಆರು ಬಾಣ. ಹೊಸದಾಗಿ ನೆಂಟಸ್ತನವಾದಾಗ ನಾನು ವಿಶ್ವಾಸದಿಂದ, "ಅದಕ್ಕೆ ಎಷ್ಟು ದಿನಕ್ಕೊಂದ್ಸಲ ಎಣ್ಣೆ ಬಿಡ್ತೀರಿ ಭಾವ?" ಎಂದು ಕೇಳಿ ಅವರ ಮುಖ ಬಾಡಿಸಿದ್ದೆ.

ಎಲ್ಲ ಅನರ್ಥಕ್ಕೂ ಮೂಲ ಒಂದು ಹಿತ್ತಾಳೆಯ ಫಲಕ. ನಮ್ಮ ಅಮ್ಮ ಒಟ್ಟೀಲಿಯೆ ಕ್ನಾಕೆಗೆ ಎಪ್ಪತ್ತಾರು ವರ್ಷ. ಅವಳಿಗೂ ಎದುರು ಮನೆಯ ಫ್ರೌ, ಅಂದರೆ ಶ್ರೀಮತಿ, ಪಾನ್ವಿಟ್ಸ್‌ಗೂ ಮೂವತ್ತು ವರ್ಷದಿಂದ ಮೌನ ಯುದ್ಧ. ಫ್ರೌ ಪಾನ್ವಿಟ್ಸಳ ಅಳಿಯ ಹಲ್ಲಿನ ಡಾಕ್ಟರು. ಆ ಮನೆಯ ಬಾಗಿಲಲ್ಲಿ ಅವನ ಹೆಸರಿನ ಫಲಕ ದಿನವಿಡೀ ಹೊಳೆಯುತ್ತದೆ. "ನಮ್ಮ ಅಳಿಯನೂ ಡಾಕ್ಟ್ರೇ ತಾನೆ? ಹಲ್ಲು ಕೀಳಲ್ಲ ಅಂದ ಮಾತ್ರಕ್ಕೆ ಕಡಿಮೆಯಾಯ್ತಾ?" ಎಂದು ಅಮ್ಮ, ಭಾವನ ಐವತ್ತನೆಯ ಹುಟ್ಟುಹಬ್ಬಕ್ಕೆ ಅಂಗೈ ಎರಡರಷ್ಟು ದೊಡ್ಡ ಫಲಕ ಮಾಡಿಸಿ, ತಾನೇ ಏಣಿ ಹತ್ತಿ ಪಕ್ಕದಲ್ಲೇ ಇರುವ ಅಕ್ಕನ ಮನೆ ಬಾಗಿಲಿಗೆ ಬಡಿದಳು: 'ಡಾ. ಎಗೊನ್ ವಿಟ್ಟಿಶ್, ಔಪಚಾರಿಕ ಭಾಷೆಗಳು'.

"ಅತ್ತೆ, ಇದನ್ನ ಓದಿದೋರಿಗೆ ತಪ್ಪು ಕಲ್ಪನೆ ಬರುತ್ತೆ," ಎಂದರು ಭಾವ.

"ಬರ್ಲಿ," ಎಂದಳು ಅಮ್ಮ. "ಅದಕ್ಕೇ ಹಾಕಿದ್ದು."

ಮೂರನೆಯ ದಿನ ಬಾಗಿಲು ತಟ್ಟಿದವಳು ಸ್ವತಃ ಫ್ರೌ ಪಾನ್ವಿಟ್ಸ್. ನಾನು ಆಗ ಒಲೆಯ ಕೊಳವೆಯೊಳಗೆ ಅರ್ಧ ತಲೆ ತೂರಿಸಿದ್ದೆ.

"ಡಾಕ್ಟ್ರೇ, ಪಕ್ಕದ ಸ್ಟ್ರೂವೆ ಬೇಲಿ ಗಿಡ ನನ್ನ ಕಿಟಕಿಗಿಂತ ಎತ್ತರ ಬೆಳೆದಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. ಒಂದು ಔಪಚಾರಿಕ ಪತ್ರ ಬರ್ಕೊಡಿ."

"ನನ್ನ ಭಾಷೆಗಳಲ್ಲಿ ಎರಡೇ ಅಕ್ಷರ ಇರೋದು, ಫ್ರೌ ಪಾನ್ವಿಟ್ಸ್."

"ಚಿಕ್ಕದಾಗಿದ್ರೇ ಒಳ್ಳೇದು."

"ಹಾಗಲ್ಲ. ಅವು ಅರ್ಥ ಇಲ್ಲದ ಭಾಷೆಗಳು."

"ಗೊತ್ತು. ಸರ್ಕಾರದವರೂ ಅದನ್ನೇ ಬಳಸ್ತಾರೆ."

ಭಾವ ಇನ್ನೂ ಏನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಅಡಿಗೆಮನೆಯಿಂದ ಬಂದ ಅಮ್ಮ ಅವರ ಕಾಲು ತುಳಿದು, "ಸಂಜೆಗೆ ಸಿದ್ಧ ಇರುತ್ತೆ," ಎಂದಳು. ಮೂವತ್ತು ವರ್ಷದಲ್ಲಿ ಪಾನ್ವಿಟ್ಸ್ ಈ ಮನೆಗೆ ಬೇಡಿಕೊಂಡು ಬಂದದ್ದು ಅದೇ ಮೊದಲು. ಅಮ್ಮ ಆ ದಿನ ಊಟ ಮಾಡಲಿಲ್ಲ, ಹೊಟ್ಟೆ ತುಂಬಿತ್ತು.

ಪತ್ರ ಬರೆದು ಗೊತ್ತಿಲ್ಲದ ಮೇಷ್ಟ್ರು ತಮಗೆ ಗೊತ್ತಿದ್ದ ಕೆಲಸ ಮಾಡಿದರು: ಒಂದು ದಪ್ಪ ಚೀಟಿಯ ಮೇಲೆ ಪತ್ರಕ್ಕೆ ವ್ಯಾಕರಣ ಬರೆದರು. ಪತ್ರವೆಂದರೆ ವಂದನೆ, ವಾಕ್ಯ, ಮುಕ್ತಾಯ. ವಾಕ್ಯವೆಂದರೆ ಒಬ್ಬ ಮನುಷ್ಯ, ನಡುವೆ ಇನ್ನೊಂದು ವಾಕ್ಯ, ಕೊನೆಗೆ ಆ ಮನುಷ್ಯನ ಕ್ರಿಯಾಪದ. ನಡುವಿನ ವಾಕ್ಯಕ್ಕೆ ಇದೇ ಚೀಟಿಯನ್ನು ಮೊದಲಿನಿಂದ ನೋಡುವುದು. ಕ್ರಿಯಾಪದವನ್ನು ಆದಷ್ಟೂ 'ಇಲ್ಲ', 'ಅಲ್ಲ' ಸೇರಿಸಿ ಹೇಳುವುದು, ಏಕೆಂದರೆ ನೇರವಾಗಿ ಹೇಳಿದರೆ ಮರ್ಯಾದೆಯಾಗಿ ಕೇಳಿಸುವುದಿಲ್ಲ. ಯಾವಾಗ ನಿಲ್ಲಿಸಬೇಕೆಂಬ ನಿಯಮಕ್ಕೆ ಜಾಗ ಸಾಲದೆ ಅದನ್ನು ಚೀಟಿಯ ಹಿಂಬದಿಗೆ ಬರೆದರು.

ಪತ್ರ ತಲುಪಿತು. "ತಮ್ಮ ಬೇಲಿಯು ಎತ್ತರವಾಗಿಲ್ಲವೆಂದು ನಾವು ಹೇಳದೆ ಇರಲಾರೆವೆಂದು ತಾವು ತಿಳಿಯದೆ ಇಲ್ಲವೆಂದು" ಎಂದು ಮುಂದುವರಿದ ಆ ಹಾಳೆಯನ್ನು ಸ್ಟ್ರೂವೆ ಮೂರು ಸಲ ಓದಿದ. ಅರ್ಥವಾಗಲಿಲ್ಲ. ಅರ್ಥವಾಗದ ಕಾಗದ ಬಂದರೆ ಅದು ಕೋರ್ಟಿನದೇ ಎಂದು ಅವನ ನಂಬಿಕೆ. ಸಂಜೆಯೊಳಗೆ ಬೇಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಕತ್ತರಿಸಿದ್ದರ ಚಿತ್ರ ತೆಗೆದು ಇಟ್ಟುಕೊಂಡ.

ಅಲ್ಲಿಂದ ಅಕ್ಕ ಗುದ್ರುನಳ ಮನೆಯ ಮೆಟ್ಟಿಲ ಮೇಲೆ ಸಾಲು. ದೂರು, ಕ್ಷಮಾಪಣೆ, ಶುಭಾಶಯ, ಸಂತಾಪ, ಎಲ್ಲಕ್ಕೂ ಒಂದೇ ಚೀಟಿ. "ಇದು ಸಂದರ್ಭ-ಮುಕ್ತ ವ್ಯಾಕರಣ," ಎಂದು ಭಾವ ನನಗೆ ವಿವರಿಸಿದರು. "ಸುತ್ತ ಏನಿದೆ ಅಂತ ನಿಯಮ ನೋಡೋದಿಲ್ಲ." ನೋಡಲೂ ಇಲ್ಲ. ಮೊಲ ಸಾಕುವವರ ಸಂಘದ ಅಧ್ಯಕ್ಷರ ಮದುವೆಗೆ ನಲವತ್ತು ತುಂಬಿದಾಗ ಹೋದ ಪತ್ರದಲ್ಲಿ, "ಈ ನಷ್ಟವನ್ನು ಭರಿಸುವ ಶಕ್ತಿ ತಮಗೆ ಇಲ್ಲದೆ ಇಲ್ಲ," ಎಂದಿತ್ತು. ಅಧ್ಯಕ್ಷರು ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಅವರ ಹೆಂಡತಿ ಎರಡು ವಾರ ತಂಗಿಯ ಮನೆಯಲ್ಲಿದ್ದಳು.

ಅಕ್ಕ ಮಾತ್ರ ಎಚ್ಚರಿಸಿದಳು. "ಎಗೊನ್, ಒಂದಿನ ಇದು ನಿಮ್ಮ ಕುತ್ತಿಗೆಗೆ ಬರುತ್ತೆ. ಗೊತ್ತಿಲ್ಲ ಅಂತ ಹೇಳ್ಬಿಡಿ."

"ಹೇಳ್ದೆ ಗುದ್ರುನ್. ಅವರು ಅದನ್ನ ವಿನಯ ಅಂದ್ಕೊಂಡ್ರು."

ಮಾರ್ಚ್ ತಿಂಗಳಲ್ಲಿ ಜಿಲ್ಲಾ ಕಚೇರಿಯಿಂದ ನೋಟಿಸು ಬಂತು: ವೀಡೆನ್‌ಹೋಲ್ಟಿನ ತೆರೆದ ಈಜುಕೊಳವನ್ನು ಮುಚ್ಚಲು ಯೋಚಿಸಲಾಗಿದೆ, ಊರಿನವರ ಅಭಿಪ್ರಾಯವನ್ನು ಒಬ್ಬ ಪ್ರತಿನಿಧಿ ಏಪ್ರಿಲ್ ಕೊನೆಯ ಶುಕ್ರವಾರ ಬಂದು ಹೇಳಬಹುದು.

ಊರು ಉರಿದೆದ್ದಿತು. ನಮ್ಮೂರಿನಲ್ಲಿ ಹುಟ್ಟಿದವರೆಲ್ಲ ಮೊದಲು ಮುಳುಗಿದ್ದು ಆ ಕೊಳದಲ್ಲಿ. ಅಕ್ಕ ಗುದ್ರುನ್ ಭಾವನನ್ನು ಮೊದಲು ಕಂಡದ್ದೂ ಅಲ್ಲೇ, ಅವರು ಆಳವಿಲ್ಲದ ಕಡೆ ತಲೆಕೆಳಗಾಗಿ ಹಾರಿದಾಗ. ಅಮ್ಮನಂತೂ ಅಪ್ಪ ತೀರಿಕೊಂಡ ಮೇಲೆ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ದಿನಾ ಬೆಳಿಗ್ಗೆ ಆರಕ್ಕೆ ಹೂವಿನ ಟೋಪಿ ಹಾಕಿ ಇಪ್ಪತ್ತು ಸುತ್ತು ಈಜುತ್ತಾಳೆ. ಆ ಸಮಯದಲ್ಲಿ ಪಕ್ಕದ ಸಾಲಿನಲ್ಲಿ ಈಜುವವಳು ಫ್ರೌ ಪಾನ್ವಿಟ್ಸ್. ಇಬ್ಬರೂ ಮಾತಾಡುವುದಿಲ್ಲ. ಆದರೆ ಒಬ್ಬಳು ಬರದಿದ್ದ ದಿನ ಇನ್ನೊಬ್ಬಳು ನೀರಿಗಿಳಿಯುವುದಿಲ್ಲ.

ಸಭೆ ಕೊಳದ ಪಕ್ಕದ ತಿಂಡಿ ಅಂಗಡಿಯಲ್ಲಿ ಸೇರಿತು. ಪ್ರತಿನಿಧಿ ಯಾರು ಎಂಬ ಪ್ರಶ್ನೆ ಏಳುವ ಮೊದಲೇ ಫ್ರೌ ಪಾನ್ವಿಟ್ಸ್ ಎದ್ದು ನಿಂತು, "ಕ್ನಾಕೆಯವರ ಅಳಿಯ ಇದಾರಲ್ಲ. ಸ್ಟ್ರೂವೆ ಬೇಲಿನೇ ಇಳಿಸಿದೋರು, ಜಿಲ್ಲಾಧ್ಯಕ್ಷ ಯಾವ ಲೆಕ್ಕ?" ಎಂದಳು. ಬೇಲಿಯ ಯಜಮಾನನೇ ಎಲ್ಲರಿಗಿಂತ ಮೊದಲು ಕೈಯೆತ್ತಿದ.

ಭಾವ ಬೆಳ್ಳಗಾದರು. "ನಾನು ಮಾತಾಡಿದ್ರೆ ಕೊಳ ಹೋಗುತ್ತೆ ಅತ್ತೆ!"

"ನೀನು ಮಾತಾಡದೇ ಇದ್ರೂ ಹೋಗುತ್ತೆ," ಎಂದಳು ಅಮ್ಮ. "ಟೈ ಕಟ್ಕೊಂಡು ಹೋಗು."

ಅಕ್ಕ ಜಾಣೆ. ಅವಳು ಐದು ಸಾಲಿನ ಭಾಷಣವನ್ನು ತಾನೇ ಚೀಟಿಯಲ್ಲಿ ಬರೆದು ಭಾವನ ಕೋಟಿನ ಬಲ ಜೇಬಿಗೆ ಹಾಕಿದಳು. ಎಡ ಜೇಬಿನಲ್ಲಿ ಹಳೆಯ ಚೀಟಿ ಇತ್ತು. ಯಾವ ಜೇಬಿಗೆ ಕೈ ಹಾಕಿದರೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಜಿಲ್ಲಾ ಕಚೇರಿಯ ಕಿಟಕಿಯಿಲ್ಲದ ಸಭಾಂಗಣದಲ್ಲಿ ಎತ್ತರದ ಮೇಜಿನ ಹಿಂದೆ ಜಿಲ್ಲಾಧ್ಯಕ್ಷ ಟೆನ್‌ಹಾಗೆನ್ ಕುಳಿತಿದ್ದರು. ಅವರ ಪಕ್ಕದಲ್ಲಿ ಶೀಘ್ರಲಿಪಿಗಾರ್ತಿ ಫ್ರೌ ಲಿಪಾಕ್. ನಿವೃತ್ತಿಗೆ ಎಂಟು ತಿಂಗಳು ಉಳಿದಿರುವ, ಮೂವತ್ತೊಂಬತ್ತು ವರ್ಷದಲ್ಲಿ ಒಂದು ಪದವನ್ನೂ ಬಿಡದ ಹೆಂಗಸು. ಗೋಡೆ ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸುತ್ತಿತ್ತು. ಶುಕ್ರವಾರ ಒಂದು ಗಂಟೆಗೆ ವಾರದ ಕೆಲಸ ಮುಗಿದು ಜಿಲ್ಲಾ ಕಚೇರಿಯಲ್ಲಿ ದೀಪ ಆರುತ್ತದೆಂಬುದು ನಮ್ಮ ಕಡೆ ಸೂರ್ಯ ಮುಳುಗುವಷ್ಟೇ ಖಚಿತ.

"ತಮಗೆ ಐದು ನಿಮಿಷ," ಎಂದರು ಟೆನ್‌ಹಾಗೆನ್. "ಸಭೆಯ ಏಳನೇ ನಿಯಮದ ಪ್ರಕಾರ, ಆರಂಭಿಸಿದ ವಾಕ್ಯವನ್ನ ಮುಗಿಸೋಕೆ ಬಿಡಬೇಕು, ನಡುವೆ ತಡೆಯೋ ಹಾಗಿಲ್ಲ, ಮತಕ್ಕೂ ಹಾಕೋ ಹಾಗಿಲ್ಲ. ಶುರು ಮಾಡಿ."

ಹಿಂದೆಂದೋ ಒಬ್ಬ ಅಧ್ಯಕ್ಷರ ಮಾತನ್ನು ಯಾರೋ ನಡುವೆ ಕತ್ತರಿಸಿದ್ದರಂತೆ. ಅವರು ಕೋಪದಲ್ಲಿ ಮಾಡಿಟ್ಟು ಹೋದ ನಿಯಮ ಅದು. ಅಲ್ಲಿಯವರೆಗೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಭಾವ ಎದ್ದರು. ಚೀಟಿ ನೋಡಿದರು. ಅದು ಹಳೆಯದೆಂದು ಗೊತ್ತಾಯಿತು. ಆದರೆ ಹಿಂದೆ ವೀಡೆನ್‌ಹೋಲ್ಟಿನ ಎಂಬತ್ತು ಜನ ಕುಳಿತಿದ್ದರು, ಮುಂದಿನ ಸಾಲಿನಲ್ಲಿ ಅಮ್ಮ. ಬಾಯಿ ತಾನಾಗಿ ತೆರೆಯಿತು.

"ಮಾನ್ಯರೇ, ನಾನು, ಜಿಲ್ಲಾಧ್ಯಕ್ಷರು, ನಮ್ಮೂರಿನ ಮಹಾಜನರು, ಅವರಿಗೆ ಈಜು ಕಲಿಸಿದ ಗುರುಗಳು, ಆ ಗುರುಗಳ ಹಿರಿಯರು…"

ಕ್ರಿಯಾಪದ ಬರಲಿಲ್ಲ. ಚೀಟಿ ಇನ್ನೊಂದು ವಾಕ್ಯ ಕೇಳಿತು. ವಾಕ್ಯ ಇನ್ನೊಬ್ಬ ಮನುಷ್ಯನನ್ನು ಕೇಳಿತು. ತಿಂಡಿ ಅಂಗಡಿಯವಳು ಬಂದಳು, ಟಿಕೆಟ್ ಹರಿಯುವವನು ಬಂದ, ಸ್ಟ್ರೂವೆ ಬಂದ, ಸ್ಟ್ರೂವೆಯ ಬೇಲಿ ಬಂತು. ಒಬ್ಬೊಬ್ಬರಿಗೂ ಬಿರುದು, ಊರು, ಹುದ್ದೆ ಹೇಳಿ ಭಾವ ಮುಂದೆ ಹೋದರು. ಹನ್ನೆರಡು ನಲವತ್ತಕ್ಕೆ ಇಪ್ಪತ್ತು ಜನ ಏನೂ ಮಾಡದೆ ಸಾಲಾಗಿ ನಿಂತಿದ್ದರು.

"ಕ್ರಿಯಾಪದ!" ಎಂದು ಟೆನ್‌ಹಾಗೆನ್ ಕೊರಳಪಟ್ಟಿ ಸಡಿಲಿಸಿದರು. "ಸ್ವಾಮೀ, ಇವರೆಲ್ಲ ಏನು ಮಾಡಿದ್ರು ಅನ್ನೋದನ್ನಾದ್ರೂ ಹೇಳಿ!"

"ತಡೆಯೋ ಹಾಗಿಲ್ಲ ಸಾರ್, ಏಳನೇ ನಿಯಮ," ಎಂದಳು ಫ್ರೌ ಲಿಪಾಕ್ ಪೆನ್ಸಿಲ್ ಎತ್ತದೆ.

ಆ ಹೊತ್ತಿಗೆ ಭಾವ ಗಾಬರಿಯಲ್ಲಿ ಚೀಟಿ ತಿರುಗಿಸಿದರು. ನಿಲ್ಲಿಸುವ ನಿಯಮ ಕಣ್ಣಿಗೆ ಬಿತ್ತು. ಅವರ ಮುಖ ಬೆಳಗಿತು.

"…ಕೊಳ ಮುಚ್ಚಬೇಕೆಂದು ಹೇಳದೆ ಇರಲಿಲ್ಲವೆಂದು ನಂಬಿಲ್ಲವೆಂದು ಒಪ್ಪದವರಲ್ಲವೆಂದು ಮರೆತಿಲ್ಲವೆಂದು…"

ಕ್ರಿಯಾಪದಗಳು ಅಣೆಕಟ್ಟು ಒಡೆದಂತೆ ಬಂದವು. ಹನ್ನೆರಡು ಐವತ್ತೇಳಕ್ಕೆ "…ತಿಳಿಯದವರಲ್ಲವೆಂದು" ಎಂಬಲ್ಲಿಗೆ ಭಾವನ ಉಸಿರು ತೀರಿ, ಅವರು ಕುರ್ಚಿಯ ಮೇಲೆ ಕುಸಿದರು. ನಮ್ಮೂರಿನವರು ಎದ್ದು ಚಪ್ಪಾಳೆ ತಟ್ಟಿದರು. ಫ್ರೌ ಪಾನ್ವಿಟ್ಸ್ ಕಣ್ಣೊರೆಸಿಕೊಂಡಳು.

"ಬಹಳ ಸಂತೋಷ," ಎಂದರು ಟೆನ್‌ಹಾಗೆನ್. "ಫ್ರೌ ಲಿಪಾಕ್, ಊರಿನ ಕೋರಿಕೆ ಏನು ಅಂತ ನಡಾವಳಿಗೆ ಬರ್ಕೊಳ್ಳಿ. ಮುಚ್ಚೋದೋ, ಬಿಡೋದೋ?"

ಫ್ರೌ ಲಿಪಾಕ್ ನಾಲ್ಕು ಪುಟವನ್ನು ಹಿಂದಕ್ಕೂ ಮುಂದಕ್ಕೂ ಓದಿದಳು. ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳ ಕಿವಿ ಕೆಂಪಾಯಿತು. "ಗೊತ್ತಾಗ್ತಿಲ್ಲ ಸಾರ್. ಮೂವತ್ತೆಂಟು ಸಲ 'ಇಲ್ಲ' ಅಂದಿದಾರೆ."

"ಹಾಗಾದ್ರೆ ಬೇಡ ಅಂತ!"

"ಬೇಡ ಅನ್ನೋದು ಬೇಡ ಅಂತಾನೂ ಇರಬಹುದು ಸಾರ್."

ಗಡಿಯಾರ ಒಂದು ಹೊಡೆಯಿತು. ದೀಪ ಆರಿತು. ಕತ್ತಲಲ್ಲಿ ಟೆನ್‌ಹಾಗೆನ್ ಅವರ ಆಜ್ಞೆ ಕೇಳಿಸಿತು: "ಊರಿನವರೇ ಮುಚ್ಚಿ ಅಂತ ಕೇಳಿದ್ರೆ ಮತದ ಅಗತ್ಯಾನೇ ಇಲ್ಲ, ಸೋಮವಾರ ಬೀಗ ಹಾಕ್ತೀನಿ. ಔಪಚಾರಿಕ ಭಾಷೆಯ ತಜ್ಞರೊಬ್ಬರನ್ನ ಹುಡುಕಿ, ಈ ವಾಕ್ಯದ ವರದಿ ತರಿಸಿ."

ಜಿಲ್ಲೆಯ ತಜ್ಞರ ಪಟ್ಟಿಯಲ್ಲಿ ಆ ವಿಷಯಕ್ಕೆ ಒಂದೇ ಹೆಸರಿತ್ತು. ಶನಿವಾರ ಬೆಳಿಗ್ಗೆಯ ಅಂಚೆಯಲ್ಲಿ, ಡಾಕ್ಟರ್ ವಿಟ್ಟಿಶ್ ಅವರು ಡಾಕ್ಟರ್ ವಿಟ್ಟಿಶ್ ಅವರ ವಾಕ್ಯವನ್ನು ಪರೀಕ್ಷಿಸಿ ಸೋಮವಾರದೊಳಗೆ ಪ್ರಾಮಾಣಿಕ ವರದಿ ಕೊಡಬೇಕೆಂಬ ಆದೇಶ, ನಾಲ್ಕು ಪುಟಗಳ ಸಮೇತ ಬಂತು.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಹುರಿದ ಹಂದಿಮಾಂಸ, ಕೆಂಪು ಕೋಸು, ಆಲೂಗಡ್ಡೆ ಉಂಡೆ. ಅಮ್ಮ ಸಂತೋಷದಲ್ಲಿದ್ದಳು. "ಇದರಲ್ಲಿ ಪರೀಕ್ಷೆ ಏನು ಬಂತು? 'ಮುಚ್ಚಬೇಡಿ' ಅಂತ ಬರೆದು ಸಹಿ ಹಾಕು."

"ಪ್ರಾಮಾಣಿಕ ವರದಿ ಅಂತ ಇದೆ ಅತ್ತೆ," ಎಂದರು ಭಾವ. ಬೇಕರಿಯಲ್ಲಿ ಸುಳ್ಳು ಹೇಳಲಾರದ ಮನುಷ್ಯ ಸರ್ಕಾರಕ್ಕೆ ಹೇಳುತ್ತಾರೆಯೇ? ಅವರು ಎರಡು ತಟ್ಟೆಗಳನ್ನು ಎದುರಿಗಿಟ್ಟುಕೊಂಡರು. "ಎರಡು ವೃತ್ತದ ಯಂತ್ರ ಸಾಕು. ಎಡಗಡೆ ತಟ್ಟೆ ಅಂದ್ರೆ 'ಮುಚ್ಚಿ', ಬಲಗಡೆದು 'ಮುಚ್ಚಬೇಡಿ'. ಈ ಉಂಡೆ ಎಡಗಡೆ ಶುರು ಆಗುತ್ತೆ. ಒಂದೊಂದು 'ಇಲ್ಲ'ಕ್ಕೂ ಪಕ್ಕದ ತಟ್ಟೆಗೆ ಹೋಗುತ್ತೆ. ಕೊನೇಲಿ ಎಲ್ಲಿರುತ್ತೋ ಅದೇ ಉತ್ತರ. ನೀವು ಓದಿ."

ಅಮ್ಮ ಕನ್ನಡಕ ಹಾಕಿ ಓದಿದಳು. 'ಇಲ್ಲ' ಬಂತು, ಭಾವ ಉಂಡೆಯನ್ನು ಚಮಚದಲ್ಲಿ ಎತ್ತಿ ಬಲಕ್ಕಿಟ್ಟರು. 'ಅಲ್ಲ' ಬಂತು, ಎಡಕ್ಕಿಟ್ಟರು. ಹದಿನೈದನೆಯ 'ಇಲ್ಲ'ದ ಹೊತ್ತಿಗೆ ಉಪ್ಪು ಕೇಳಲು ಬಂದೆನೆಂದು ಹೇಳುತ್ತ ಫ್ರೌ ಪಾನ್ವಿಟ್ಸ್ ಒಳಗೆ ಬಂದಳು. ಉಪ್ಪನ್ನು ಮರೆತು ಕುರ್ಚಿ ಎಳೆದುಕೊಂಡಳು. ಇಪ್ಪತ್ತೈದಕ್ಕೆ ನಾವೆಲ್ಲ ಕೂಗತೊಡಗಿದ್ದೆವು. ಉಂಡೆ ಬಲಕ್ಕೆ ಬಂದಾಗ ಜಯಕಾರ, ಎಡಕ್ಕೆ ಹೋದಾಗ ನರಳಾಟ. ಮೂವತ್ತೇಳು: ಬಲ. ಫ್ರೌ ಪಾನ್ವಿಟ್ಸ್ ಅಮ್ಮನ ಕೈ ಹಿಡಿದುಕೊಂಡಳು.

"ಮೂವತ್ತೆಂಟು," ಎಂದು ಅಮ್ಮ ಕ್ಷೀಣವಾಗಿ ಓದಿದಳು.

ಉಂಡೆ ಎಡಕ್ಕೆ ಹೋಗಿ ಕುಳಿತಿತು. 'ಮುಚ್ಚಿ.'

ಅಮ್ಮ ನಿಧಾನವಾಗಿ ಕನ್ನಡಕ ತೆಗೆದಳು, ಫೋರ್ಕಿನಿಂದ ಉಂಡೆಯನ್ನು ಚುಚ್ಚಿದಳು, ಬಾಯಿಗೆ ಹಾಕಿಕೊಂಡಳು, ಅಗಿದಳು, ನುಂಗಿದಳು.

"ಈಗ ಎಲ್ಲಿದೆ ನಿನ್ನ ಉತ್ತರ?" ಎಂದಳು.

"ಅತ್ತೆ, ಹಾಗೆ ಯಂತ್ರದ ಸ್ಥಿತಿಯನ್ನೇ ತಿನ್ನೋ ಹಾಗಿಲ್ಲ!"

"ಈ ವಿಷಯ ಅವರಿಗೆ ಬರೆದ್ರೆ ಈ ಮನೆಗೆ ನಾನು ಕಾಲಿಡಲ್ಲ," ಎಂದು ಅಮ್ಮ ಎದ್ದಳು. ಅವಳ ದನಿ ಏರಿರಲಿಲ್ಲ, ಅದೇ ಭಯವಾಯಿತು. "ನಮ್ಮ ಯಜಮಾನರು ಹೋದ್ಮೇಲೆ ಬೆಳಿಗ್ಗೆ ಹೊತ್ತು ನನಗೆ ಇರೋದು ಆ ನೀರು ಒಂದೇ, ಎಗೊನ್."

ಭಾವನ ಕಣ್ಣು ತುಂಬಿತು. "ನನಗೂ ಗೊತ್ತು. ಆದ್ರೆ ಮೂವತ್ತೆಂಟು ಸಮಸಂಖ್ಯೆ ಅತ್ತೆ. ನಾನೇನು ಮಾಡ್ಲಿ?"

ಫ್ರೌ ಪಾನ್ವಿಟ್ಸ್ ಅಮ್ಮನನ್ನು ತೋಳು ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದಳು. ಭಾವ ತಲೆ ಬಗ್ಗಿಸಿ, ತಪ್ಪು ಎಲ್ಲಾಯಿತೆಂದಾದರೂ ತಿಳಿಯೋಣವೆಂದು, ವಾಕ್ಯವನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷಿಸಲು ಹೊರಟರು. ಒಬ್ಬ ಮನುಷ್ಯನ ಹೆಸರು ಬಂದಾಗ ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಇಡುವುದು. ಒಂದು ಕ್ರಿಯಾಪದ ಬಂದಾಗ ಮೇಲಿನ ತಟ್ಟೆಯನ್ನು ತೆಗೆಯುವುದು. ಕೊನೆಗೆ ಬಂದವರ ಲೆಕ್ಕ ಮೊದಲು ಚುಕ್ತಾ. ಅಕ್ಕನ ಮದುವೆಯ ಪಿಂಗಾಣಿ ತಟ್ಟೆಗಳು ಇಪ್ಪತ್ತರವರೆಗೆ ಏರಿ, ಬೇಲಿ ಬಂದಾಗ ಒಮ್ಮೆ ವಾಲಿ, ಮತ್ತೆ ಒಂದೊಂದಾಗಿ ಇಳಿದವು. "…ತಿಳಿಯದವರಲ್ಲವೆಂದು," ಎಂದು ಓದಿ ಭಾವ ಮೇಲಿದ್ದ ತಟ್ಟೆ ತೆಗೆದು, ಪುಟ ಮಡಚಿ, ಕೈ ಕಟ್ಟಿ ಕುಳಿತರು.

ಅಕ್ಕ ತಟ್ಟೆಗಳನ್ನು ಜೋಡಿಸಿಕೊಂಡು ಅಡಿಗೆಮನೆಗೆ ಹೊರಟವಳು ನಿಂತಳು. "ಇದೊಂದು ಯಾರದು?"

ಮೇಜಿನ ನಡುವೆ ಒಂದು ತಟ್ಟೆ ಉಳಿದಿತ್ತು.

ಭಾವ ಅದನ್ನು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಮೊದಲ ಪುಟದ ಮೊದಲ ಸಾಲಿಗೆ ಬೆರಳಿಟ್ಟರು. 'ಮಾನ್ಯರೇ, ನಾನು.' ಇಪ್ಪತ್ತು ಮಂದಿ, ಹತ್ತೊಂಬತ್ತು ಕ್ರಿಯಾಪದ. ಜಿಲ್ಲಾಧ್ಯಕ್ಷರಿಂದ ಬೇಲಿಯವರೆಗೆ ಎಲ್ಲರೂ ಏನೋ ಒಂದು ಮಾಡಿದ್ದರು. 'ನಾನು' ಮಾತ್ರ ಏನೂ ಮಾಡಿರಲಿಲ್ಲ.

"ಇದು ನಂದು ಗುದ್ರುನ್," ಎಂದರು ಭಾವ. "ವಾಕ್ಯ ಮುಗಿದೇ ಇಲ್ಲ!"

ಸೋಮವಾರ ಹೋದ ವರದಿ ಒಂದೇ ಸಾಲಿನದು, ಒಂದೂ 'ಎಂದು' ಇಲ್ಲದ್ದು: "ಪರೀಕ್ಷೆಗೆ ಕಳಿಸಿದ ವಾಕ್ಯ ಅಪೂರ್ಣ, ಅದಕ್ಕೆ ಇನ್ನೂ ಒಂದು ಕ್ರಿಯಾಪದ ಬಾಕಿ ಇದೆ." ಅದರ ಕೆಳಗೆ ಇಪ್ಪತ್ತು ತಟ್ಟೆಗಳ ಚಿತ್ರ.

ಜಿಲ್ಲಾ ಕಚೇರಿಯ ಕಾನೂನು ಗುಮಾಸ್ತರು ಎರಡು ದಿನ ತಲೆ ಕೆಡಿಸಿಕೊಂಡು ಒಪ್ಪಿದರು. ವಾಕ್ಯ ಮುಗಿಯದ ಮೇಲೆ ಕೋರಿಕೆ ಏನೆಂದು ಬರೆಯುವಂತಿಲ್ಲ. ಏಳನೆಯ ನಿಯಮದಂತೆ ಡಾಕ್ಟರ್ ವಿಟ್ಟಿಶ್ ಇನ್ನೂ ಮಾತಾಡುತ್ತಿದ್ದಾರೆ. ಅವರನ್ನು ತಡೆಯುವಂತಿಲ್ಲ, ವಿಷಯವನ್ನು ಮತಕ್ಕೆ ಹಾಕುವಂತಿಲ್ಲ. ತೀರ್ಮಾನವಿಲ್ಲದ ಕೊಳ ಮೇ ಒಂದಕ್ಕೆ ಎಂದಿನಂತೆ ತೆರೆಯಲೇಬೇಕು. ತೆರೆಯಿತು.

ಟೆನ್‌ಹಾಗೆನ್ ಸುಮ್ಮನಿರಲಿಲ್ಲ. ವಾಕ್ಯ ಮುಗಿಸಬೇಕೆಂದು ಮೊದಲ ಪತ್ರದಲ್ಲಿ ಆದೇಶಿಸಿದರು, ಎರಡನೆಯದರಲ್ಲಿ ವಿನಂತಿಸಿದರು, ಮೂರನೆಯದರಲ್ಲಿ ತಮಗೆ ನಿದ್ದೆ ಬರುತ್ತಿಲ್ಲವೆಂದು ಬರೆದರು. ತೊಂದರೆಯೆಂದರೆ, ಭಾವನಿಗೂ ಬರುತ್ತಿರಲಿಲ್ಲ. ತೆರೆದದ್ದನ್ನು ಮುಚ್ಚದೆ ಬಿಡುವುದು ಅವರ ವೃತ್ತಿಗೆ ಅವಮಾನ.

"ಒಂದು ಪದ ತಾನೆ ಅತ್ತೆ? 'ಒಪ್ಪುವುದಿಲ್ಲ' ಅಂದ್ರೆ 'ಇಲ್ಲ' ಮೂವತ್ತೊಂಬತ್ತಾಗುತ್ತೆ. ಉಂಡೆ ಬಲಕ್ಕೆ ಬರುತ್ತೆ."

"ಎಲ್ಲಿ, ಹೇಳು ನೋಡೋಣ," ಎಂದಳು ಅಮ್ಮ.

"ನಾನು ಒಪ್ಪುತ್ತೇ… ಅಲ್ಲ, ಒಪ್ಪದೆ ಇಲ್ಲ… ತಾಳಿ."

ಅಂದಿನಿಂದ ಊರು ಕಾವಲಿಗೆ ನಿಂತಿತು. ಏನು ಹೇಳಿದರೂ ವಾಕ್ಯ ಮುಗಿಯುತ್ತದೆ, ಮುಗಿದರೆ ಮತ ಹಾಕುತ್ತಾರೆ, ಹಾಕಿದರೆ ಬೀಗ. ಬೇಕರಿಯವನು ಭಾವನನ್ನು ಪ್ರಶ್ನೆ ಕೇಳುವುದು ಬಿಟ್ಟು ಎರಡೂ ಬ್ರೆಡ್ ಕೊಟ್ಟು ಕಳಿಸಿದ. ರೈಲಿನಲ್ಲಿ ಸ್ಟ್ರೂವೆ ಅವರ ಪಕ್ಕ ಕುಳಿತು, 'ನಾನು' ಎಂದರೆ ಸಾಕು ಕೆಮ್ಮುತ್ತಿದ್ದ. ಅಪರಿಚಿತ ಕಾರು ಊರೊಳಗೆ ಬಂದರೆ ಫ್ರೌ ಪಾನ್ವಿಟ್ಸ್ ಕಿಟಕಿಯಿಂದ ಅಮ್ಮನಿಗೆ ಪರದೆ ಅಲ್ಲಾಡಿಸುತ್ತಿದ್ದಳು.

ಜೂನ್ ಕೊನೆಗೆ ಬಿಸಿಲು ನೆತ್ತಿ ಸುಡುವ ಒಂದು ಶನಿವಾರ ಊರಿಗೆ ಊರೇ ಕೊಳದಲ್ಲಿತ್ತು. ಭಾವ ಆಳದ ಕಡೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಅಷ್ಟರಲ್ಲಿ ಪಟ್ಟೆ ಪಟ್ಟೆ ಚಡ್ಡಿ ತೊಟ್ಟು, ಹೆಗಲಿಗೆ ಟವಲು ಹಾಕಿ, ನೋಡಿದವರಿಗೆ ಗುರುತೇ ಸಿಗದ ಒಬ್ಬ ದಪ್ಪ ಮನುಷ್ಯ ಟಿಕೆಟ್ ಕೊಂಡು ಒಳಗೆ ಬಂದ. ಹಿಂದೆ ಉದ್ದ ಲಂಗ, ಚೊಕ್ಕ ಬೂಟು, ಪುಸ್ತಕ, ಪೆನ್ಸಿಲ್ ಹಿಡಿದ ಹೆಂಗಸು ಬರದಿದ್ದರೆ ನನಗೂ ಗುರುತು ಸಿಗುತ್ತಿರಲಿಲ್ಲ.

ಟೆನ್‌ಹಾಗೆನ್ 'ಡಾಕ್ಟ್ರೇ' ಎನ್ನುತ್ತ ಬಿಸಿ ಕಲ್ಲಿನ ಮೇಲೆ ಮೊಣಕಾಲೂರಿದರು. "ಮನೇಲಿ ಊಟಕ್ಕೆ ಕೂತ್ರೂ ಅದೇ. 'ನಾನು' ಏನು? 'ನಾನು' ಏನು ಮಾಡಿದೆ? ಕೊಳ ಹಾಳಾಗಿ ಹೋಗ್ಲಿ. ಒಂದೇ ಒಂದು ಕ್ರಿಯಾಪದ ಕೊಟ್ಬಿಡಿ."

ಭಾವ ಎದ್ದು ನಿಂತರು. ಇಷ್ಟು ದಿನದಲ್ಲಿ ತಮ್ಮ ಸಂಕಟ ತಿಳಿದ ಮೊದಲ ಮನುಷ್ಯ ಅವರಿಗೆ ಸಿಕ್ಕಿದ್ದ. "ಕೊಡ್ತೀನಿ ಸಾರ್," ಎಂದು ಎದೆಯ ಮೇಲೆ ಕೈಯಿಟ್ಟರು. ಫ್ರೌ ಲಿಪಾಕ್ ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಿಕೊಂಡಳು. "ಮಾನ್ಯರೇ, ನಾನು…"

ಏಣಿ ಹತ್ತಿ ನೀರಿನಿಂದ ಮೇಲೆ ಬರುತ್ತಿದ್ದ ಅಮ್ಮನಿಗೆ ಅಷ್ಟು ಕೇಳಿಸಿತು. ಎಪ್ಪತ್ತಾರು ವರ್ಷದ ಹೆಂಗಸು ಒದ್ದೆ ಕಲ್ಲಿನ ಮೇಲೆ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿಲ್ಲ. ಎರಡೂ ಕೈ ಚಾಚಿ ಬಂದು ಅಳಿಯನ ಬೆನ್ನಿಗೆ ಕೊಟ್ಟಳು. ಉತ್ತರ ಪತ್ರಿಕೆಗಳ ಸಮೇತ ಭಾವ ಮೂರು ಮೀಟರ್ ಆಳಕ್ಕೆ ಹೋದರು.

ಅವರು ಶುರು ಮಾಡಿದ್ದನ್ನು ನಿಲ್ಲಿಸುವವರಲ್ಲ. ತಳದಲ್ಲಿ ಬಾಯಿ ತೆರೆದು ಹೇಳಿಯೇ ಹೇಳಿದರು. ಅದು ಎಲ್ಲರಿಗೂ ಕಾಣಿಸಿತು.

ಟೆನ್‌ಹಾಗೆನ್ ಅಂಚಿನ ಮೇಲೆ ಹೊಟ್ಟೆ ಊರಿ ಮಲಗಿ ನೀರಿಗೆ ಕಿವಿ ಕೊಟ್ಟರು. "ಏನಂದ್ರು? ಏನೋ ಅಂದ್ರಲ್ಲ! ಬರ್ಕೊಂಡ್ರಾ?"

ಫ್ರೌ ಲಿಪಾಕ್ ನೀರಿನ ಮೇಲೆ ಒಡೆಯುತ್ತಿದ್ದ ಗುಳ್ಳೆಗಳನ್ನು ಕೊನೆಯದರವರೆಗೂ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿ, ಬೂಟಿನ ದಾರ ಬಿಚ್ಚಲು ಬಗ್ಗಿದಳು.

"ಬರೆದಿದೀನಿ ಸಾರ್," ಎಂದಳು. "ಹನ್ನೊಂದು ಗುಳ್ಳೆ. ಕ್ರಿಯಾಪದ ಇಲ್ಲ."